ಬೈಕ್ ಹತ್ತಿದ ಬಯಲಾಟ: ‘ಪ್ರೇಮಲೋಕ’ ಇನ್ನೂ ನಮ್ಮನ್ನು ಯಾಕೆ ಹಾಡಿಸುತ್ತದೆ?

ಹೋದ ವರ್ಷ ತಿಪಟೂರಿನ ಒಂದು ಛತ್ರದಲ್ಲಿ ನೆಂಟರ ಮದುವೆಯ ಆರತಕ್ಷತೆ. ಆರ್ಕೆಸ್ಟ್ರಾದವರು ಹೊಸ ಹೊಸ ಹಾಡುಗಳನ್ನೇ ಹಾಡುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಊಟದ ಕ್ಯೂ ಉದ್ದ, ಫೋಟೊದ ಕ್ಯೂ ಅದಕ್ಕಿಂತ ಉದ್ದ. ಅಷ್ಟರಲ್ಲಿ ಗಾಯಕ ‘ಪ್ರೇಮಲೋಕ’ದ ‘ಚೆಲುವೆ ಒಂದು ಕೇಳ್ತೀನಿ’ ಎತ್ತಿಕೊಂಡ. ಜೊತೆಗೆ ಹಾಡಬೇಕಿದ್ದ ಹುಡುಗಿ ನೀರು ಕುಡಿಯಲು ಕೆಳಗಿಳಿದಿದ್ದಳು. ಹೆಣ್ಣಿನ ಸಾಲು ಬರುವ ಹೊತ್ತಿಗೆ ಅವಳ ಮೈಕ್ ಸ್ಟ್ಯಾಂಡಿನಲ್ಲೇ ಇತ್ತು. ಆದರೂ ಹಾಡು ನಿಲ್ಲಲಿಲ್ಲ. ಊಟದ ಕ್ಯೂನಲ್ಲಿ ನಿಂತಿದ್ದ ನಮ್ಮ ಚಿಕ್ಕಮ್ಮ, ಅವರ ಹಿಂದಿದ್ದವರು, ಇನ್ನೂ ಮೂರ್ನಾಲ್ಕು ಹೆಂಗಸರು ನಿಂತಲ್ಲಿಂದಲೇ ಉತ್ತರ ಹಾಡಿಬಿಟ್ಟರು. ಗಾಯಕ ನಕ್ಕ, ಮುಂದಿನ ಸಾಲನ್ನು ಅವರ ಕಡೆಗೇ ತಿರುಗಿ ಹಾಡಿದ. ಛತ್ರಕ್ಕೆ ಛತ್ರವೇ ಎಚ್ಚೆತ್ತಿತು.

ಇದನ್ನು ‘ಹಳೇ ನೆನಪು’ ಎಂದು ಪಕ್ಕಕ್ಕಿಡುವುದು ಸುಲಭ. ಆದರೆ ಹಳೆಯ ಹಾಡುಗಳು ಎಷ್ಟಿಲ್ಲ? ಎಲ್ಲದಕ್ಕೂ ಹೀಗೆ ಯಾರೂ ಉತ್ತರ ಕೊಡುವುದಿಲ್ಲ. ಕೆಲವಕ್ಕೆ ಕಣ್ಣು ಮುಚ್ಚಿ ತಲೆದೂಗುತ್ತೇವೆ, ಕೆಲವಕ್ಕೆ ಕುಣಿಯುತ್ತೇವೆ. ‘ಪ್ರೇಮಲೋಕ’ದ ಹಾಡಿಗೆ ಮಾತ್ರ ನಾವು ಬಾಯಿ ಹಾಕುತ್ತೇವೆ. ಪಕ್ಕದ ಮನೆಯ ಜಗಳಕ್ಕೆ ಬಾಯಿ ಹಾಕಿದ ಹಾಗೆ.

1987ರಲ್ಲಿ ಬಂದ ಚಿತ್ರ. ನಾಯಕ, ನಿರ್ದೇಶಕ ರವಿಚಂದ್ರನ್, ನಾಯಕಿ ಜೂಹಿ ಚಾವ್ಲಾ, ಹಾಡು ಬರೆದು ಸಂಗೀತ ಕೊಟ್ಟವರು ಹಂಸಲೇಖ. 2027ಕ್ಕೆ 40 ವರ್ಷ. ಈಗ ಹಳೆಯ ಚಿತ್ರಗಳನ್ನು ಮತ್ತೆ ಥಿಯೇಟರಿಗೆ ತರುವ ಸುಗ್ಗಿ ಬೇರೆ. 2024ರ ಮಾರ್ಚ್‌ನಲ್ಲಿ ‘ಜಾಕಿ’ ಬಂತು, ಮೇ ತಿಂಗಳಲ್ಲಿ ‘ಎ’ ಬಂತು, 2025ರ ಮಾರ್ಚ್‌ನಲ್ಲಿ ‘ಅಪ್ಪು’ ಬಂತು. ‘ಓಂ’ ಅಂತೂ ಬಿಡಿ, ಅದು ಎಷ್ಟು ಸಲ ಮರಳಿ ಬಂದಿದೆ ಎಂದು ಲೆಕ್ಕ ಇಡುವುದೇ ಒಂದು ಕೆಲಸ. ಇವಕ್ಕೆಲ್ಲ ಜನ ಹೋಗುವುದು ಮುಖ್ಯವಾಗಿ ನಾಯಕನನ್ನು ನೋಡಲು, ಡೈಲಾಗನ್ನು ಅವನಿಗಿಂತ ಮೊದಲೇ ಕೂಗಲು. ಪುನೀತ್ ಚಿತ್ರಗಳ ವಿಷಯದಲ್ಲಿ ಅದು ಒಂದು ರೀತಿ ಹಬ್ಬವೂ ಹೌದು, ತಿಥಿಯೂ ಹೌದು. ‘ಪ್ರೇಮಲೋಕ’ದ ಸೆಳೆತ ಈ ಜಾತಿಯದಲ್ಲ. ಅದರ ಒಂದು ಡೈಲಾಗ್ ಹೇಳಿ ಎಂದರೆ ಹತ್ತರಲ್ಲಿ ಒಂಬತ್ತು ಜನ ತಡವರಿಸುತ್ತಾರೆ. ಹಾಡು ಹೇಳಿ ಎಂದರೆ ಇಡೀ ಕಥೆಯನ್ನೇ ಹಾಡಿನಲ್ಲಿ ಹೇಳಿ ಮುಗಿಸುತ್ತಾರೆ.

ಯಾಕೆಂದರೆ ಇಲ್ಲಿ ಡೈಲಾಗೇ ಹಾಡು.

ಮೊದಲು ಕಥೆಯ ಬೇರು ನೋಡೋಣ. ಕಾಲೇಜಿನ ಸಾದಾ ಹುಡುಗ. ಅವನಿಗೆ ಇಷ್ಟವಾದ ಹುಡುಗಿಗೆ ಬೈಕ್ ಮೇಲೆ ಬಂದು ಮಾಯವಾಗುವ ಮುಸುಕಿನ ವೀರನ ಮೇಲೆ ಮನಸ್ಸು. ಆ ವೀರ ಈ ಹುಡುಗನೇ. ಈ ಎಳೆ 1982ರ ಅಮೆರಿಕನ್ ಮ್ಯೂಸಿಕಲ್ ‘ಗ್ರೀಸ್ 2’ ಚಿತ್ರದಿಂದ ಬಂದದ್ದು. ಬಲ್ಲವರಿಗೆಲ್ಲ ಗೊತ್ತಿರುವ ಗುಟ್ಟು ಅದು. ತಮಾಷೆ ಏನೆಂದರೆ, ಅಮೆರಿಕದಲ್ಲಿ ಆ ಚಿತ್ರ ಬಿದ್ದುಹೋಯಿತು. ಮೊದಲ ‘ಗ್ರೀಸ್’ ಗೆದ್ದಷ್ಟೇ ಜೋರಾಗಿ ಎರಡನೆಯದು ಸೋತಿತು. ಮಿಶೆಲ್ ಫೈಫರ್‌ಗೆ ಅದು ಮೊದಲ ದೊಡ್ಡ ನಾಯಕಿ ಪಾತ್ರ, ಅಷ್ಟೇ ಅದರ ಪುಣ್ಯ. ಅಲ್ಲಿ ಸೋತ ಕಥೆ ಐದು ವರ್ಷದ ನಂತರ ಇಲ್ಲಿ ಒಂದು ತಲೆಮಾರಿನ ಪ್ರೇಮದ ಪಠ್ಯಪುಸ್ತಕವಾಯಿತು. ಹಾಗಾದರೆ ಗೆದ್ದದ್ದು ಕಥೆಯಂತೂ ಅಲ್ಲ.

ಇನ್ನೊಂದು ಸಾಕ್ಷಿ ಇದೆ. ಇದೇ ಚಿತ್ರವನ್ನು ಅದೇ ವರ್ಷ ತಮಿಳಿನಲ್ಲೂ ತೆಗೆದರು, ‘ಪರುವ ರಾಗಂ’ ಎಂಬ ಹೆಸರಿನಲ್ಲಿ. ಅದೇ ರವಿಚಂದ್ರನ್, ಅದೇ ಜೂಹಿ ಚಾವ್ಲಾ, ಅದೇ ಹಂಸಲೇಖ. ಆದರೆ ಅಲ್ಲಿ ಇದು ಕರ್ನಾಟಕದಲ್ಲಿ ಆದಂತೆ ಮನೆಮಾತಾಗಲಿಲ್ಲ. ತಾರೆಯರು ಅವರೇ, ಅದೇ ಕೂದಲು, ಅದೇ ನಗು. ಬದಲಾದದ್ದು ಮಾತು ಮಾತ್ರ.

ಹಾಗಾಗಿ ನನ್ನ ಅನುಮಾನ ಹಂಸಲೇಖರ ಕನ್ನಡದ ಮೇಲೆ.

ಅದಕ್ಕೂ ಮೊದಲಿನ ಪ್ರೇಮಗೀತೆಗಳನ್ನು ನೆನೆಸಿಕೊಳ್ಳಿ. ‘ಎರಡು ಕನಸು’ ಚಿತ್ರಕ್ಕೆ ಚಿ. ಉದಯಶಂಕರ್ ಬರೆದ ‘ಎಂದೆಂದೂ ನಿನ್ನನು ಮರೆತು ಬದುಕಿರಲಾರೆ’ ಎಷ್ಟು ಒಳ್ಳೆಯ ಹಾಡು! ಇವತ್ತಿಗೂ ಕೇಳಿದರೆ ಮನಸ್ಸು ಒದ್ದೆಯಾಗುತ್ತದೆ. ಆದರೆ ಯಾವ ಹುಡುಗನೂ ಯಾವ ಹುಡುಗಿಗೂ ಬಸ್ ಸ್ಟ್ಯಾಂಡಿನಲ್ಲಿ ‘ಬದುಕಿರಲಾರೆ’ ಎಂದು ಹೇಳಿಲ್ಲ. ಅದು ಪ್ರೇಮಕ್ಕೆ ಇಸ್ತ್ರಿ ಮಾಡಿಟ್ಟ ಭಾಷೆ. ಹಂಸಲೇಖ ಬರೆದದ್ದು ‘ಕೇಳ್ತೀನಿ’. ಅಕ್ಷರ ನುಂಗಿದ, ಮನೆಯಲ್ಲಿ ಆಡುವ ಕ್ರಿಯಾಪದ. ‘ನಿಂಬೆ ಹಣ್ಣಿನಂಥ ಹುಡುಗಿ ಬಂತು ನೋಡು’ ಎಂಬಲ್ಲಿ ಆ ‘ಬಂತು’ ಗಮನಿಸಿದ್ದೀರಾ? ‘ಬಂದಳು’ ಅಲ್ಲ. ಮನೆಯ ಮಗುವಿಗೆ, ಸದರದ ಹುಡುಗಿಗೆ ನಾವು ‘ಬಂತು’, ‘ಹೋಯ್ತು’ ಅನ್ನುತ್ತೇವೆ ಅಲ್ವಾ, ಆ ‘ಬಂತು’. ಅದರಲ್ಲಿ ಸಲುಗೆಯೂ ಇದೆ, ಸ್ವಲ್ಪ ಪೋಲಿತನವೂ ಇದೆ. ವ್ಯಾಕರಣದ ಮೇಷ್ಟ್ರು ಕೆಂಪು ಶಾಯಿ ಹಾಕುವ ಜಾಗದಲ್ಲೇ ಹಾಡಿನ ಜೀವ ಕೂತಿದೆ.

ಆಡುಮಾತನ್ನು ಪದ್ಯಕ್ಕೆ ತಂದವರಲ್ಲಿ ಹಂಸಲೇಖ ಮೊದಲಿಗರೇನಲ್ಲ. ಕವಿ ಜಿ.ಪಿ. ರಾಜರತ್ನಂ 1930ರ ದಶಕದಲ್ಲೇ ಕುಡುಕ ರತ್ನನ ಬಾಯಲ್ಲಿ ಆ ಕೆಲಸ ಮಾಡಿದ್ದರು. ಆದರೆ ರತ್ನ ತನ್ನ ಪಾಡಿಗೆ ತಾನು ಹಾಡುವವನು. ‘ಪ್ರೇಮಲೋಕ’ದಲ್ಲಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಹಾಡುಗಳ ಮೊದಲ ಸಾಲುಗಳನ್ನಷ್ಟೇ ಒಂದರ ಕೆಳಗೊಂದು ಬರೆದುನೋಡಿ. ‘ಇಲ್ಲ ಅನ್ನದೆ ಕೊಡ್ತೀಯಾ’. ‘ನೋಡಮ್ಮ ಹುಡುಗಿ, ಕೇಳಮ್ಮ ಸರಿಯಾಗಿ’. ‘ಯಾರಿವನು ಈ ಮನ್ಮಥನು’. ‘ಈ ಬೈಕು ಕಲಿಸಿ ಕೊಡು ನಂಗೂ’. ಒಂದೋ ಪ್ರಶ್ನೆ, ಇಲ್ಲವೇ ಯಾರನ್ನೋ ಕರೆದು ಏನೋ ಮಾಡು ಎನ್ನುವುದು. ಎದುರಿಗೆ ಇನ್ನೊಬ್ಬರಿಲ್ಲದೆ ಈ ಸಾಲುಗಳನ್ನು ಹಾಡಲು ಆಗುವುದೇ ಇಲ್ಲ. ಹಾಡಿದರೆ ಹುಚ್ಚರ ಹಾಗೆ ಕಾಣುತ್ತೇವೆ.

ಆಗೆಲ್ಲ ಥಿಯೇಟರ್ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆ ಕಾಗದ, ಮಸಿ ಕೈಗೆ ಹತ್ತುವ ಮುದ್ರಣ. ಮೊದಲ ಪುಟದಲ್ಲಿ ಅರ್ಧ ಕಥೆ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಕೈ ಎತ್ತಿಬಿಡುತ್ತಿದ್ದರು. ಒಳಗೆ ಯುಗಳ ಗೀತೆಗಳಿಗೆ ‘ಗಂಡು’, ‘ಹೆಣ್ಣು’ ಎಂದು ಪಕ್ಕದಲ್ಲಿ ಗುರುತು. ಉಳಿದ ಚಿತ್ರಗಳ ಹಾಡಿನಲ್ಲಿ ಗಂಡು ಒಂದು ಚರಣ ಪೂರ್ತಿ ಹಾಡಿ ಮುಗಿಸಿದ ಮೇಲೆ ಹೆಣ್ಣು ಇನ್ನೊಂದು ಚರಣ. ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಹೂವಿನ ಹೆಸರು ಹಾಕಿ ಹೇಳುತ್ತಿದ್ದರು. ಇಲ್ಲಿ ಹಾಗಲ್ಲ. ಗಂಡು ಒಂದು ಸಾಲು, ಹೆಣ್ಣು ಒಂದು ಸಾಲು, ಕೆಲವು ಕಡೆ ಅರ್ಧ ಸಾಲಿಗೇ ಕತ್ತರಿ. ಓದಿದರೆ ನಾಟಕದ ಪುಸ್ತಕದ ಹಾಗಿರುತ್ತದೆ.

ನಾಟಕ ಅಂದೆ. ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ.

‘ಮ್ಯೂಸಿಕಲ್’ ಎಂದರೆ ಅಮೆರಿಕದ ಸರಕು, ರವಿಚಂದ್ರನ್ ಅದನ್ನು ಕನ್ನಡಕ್ಕೆ ಇಳಿಸಿದರು ಎಂದು ಹೇಳುವವರು ಜಾಸ್ತಿ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಮಾತಿನ ಜಾಗದಲ್ಲಿ ಹಾಡು ಇಡುವುದು ನಮಗೆ ಯಾವತ್ತು ಹೊಸದಾಗಿತ್ತು? ಉತ್ತರ ಕರ್ನಾಟಕದ ಬಯಲಾಟ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ಮುನಿಸಿಕೊಳ್ಳುವುದು ಹಾಡಿನಲ್ಲಿ, ಕೃಷ್ಣ ರಮಿಸುವುದು ಹಾಡಿನಲ್ಲಿ. ‘ಸಂಗ್ಯಾ ಬಾಳ್ಯಾ’ದಂಥ ಸಣ್ಣಾಟದಲ್ಲಿ ಮೋಹ, ಮೋಸ, ಕೊಲೆ ಎಲ್ಲ ಹಾಡಿನಲ್ಲೇ ನಡೆದುಹೋಗುತ್ತವೆ. ಗೀಗೀ ಪದದಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ವಾದಿಸಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಿನಲ್ಲೇ ಸವಾಲು ಎಸೆಯುತ್ತಾರೆ. ದಪ್ಪು, ತುಂತುಣಿ ಹಿಡಿದು ಬೆಳಗಿನ ತನಕ ಜಟಾಪಟಿ. ಕಂಪನಿ ನಾಟಕಗಳಲ್ಲಂತೂ ಹಾಡಿಲ್ಲದ ದೃಶ್ಯವೇ ಅಪರೂಪ. ಜನ ‘ಒನ್ಸ್ ಮೋರ್’ ಎಂದರೆ ಸತ್ತ ಪಾತ್ರವೂ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತಂತೆ. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ವನ್ನು ಕಟ್ಟಿಕೊಟ್ಟವರೂ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗದ ಮಂದಿಯೇ.

ನಡುವೆ ಸಿನಿಮಾ ಮಾತನ್ನೂ ಹಾಡನ್ನೂ ಬೇರೆ ಮಾಡಿತು. ಮಾತಿನಲ್ಲಿ ಕಥೆ ಮುಂದೆ ಹೋಗುತ್ತದೆ, ಹಾಡಿನಲ್ಲಿ ಕಥೆ ನಿಂತು ಬೃಂದಾವನ ಸುತ್ತುತ್ತದೆ. ಸಿಗರೇಟು ಸೇದಲು ಹೊರಗೆ ಹೋಗುವವರು ಹಾಡು ಬಂದಾಗಲೇ ಏಳುತ್ತಿದ್ದದ್ದು ಸುಮ್ನೆ ಅಲ್ಲ. ‘ಪ್ರೇಮಲೋಕ’ದಲ್ಲಿ ಹಾಗೆ ಎದ್ದುಹೋದರೆ ಕಥೆಯೇ ತಪ್ಪಿಹೋಗುತ್ತದೆ. ಅವನು ಕೇಳಿದ್ದೂ ಹಾಡಿನಲ್ಲಿ, ಅವಳು ಹೇಳಿದ್ದೂ ಹಾಡಿನಲ್ಲಿ. ಆರ್ಕೆಸ್ಟ್ರಾ, ನಾಟಕ ಎರಡರಲ್ಲೂ ಕೈಯಾಡಿಸಿ ಬಂದಿದ್ದ ಹಂಸಲೇಖ ಸಾಹಿತ್ಯವನ್ನೂ ಸಂಗೀತವನ್ನೂ ಒಬ್ಬರೇ ಮಾಡಿದ್ದು ಇದಕ್ಕೆ ದೊಡ್ಡ ಅನುಕೂಲವಾಯಿತು. ಟ್ಯೂನ್ ಮೊದಲೋ ಪದ ಮೊದಲೋ ಎಂಬ ಜಗಳವೇ ಇಲ್ಲ. ‘ಕೊಡ್ತೀಯಾ’ ಎಂದು ಕೇಳುವಾಗ ದನಿ ಹೇಗೆ ಮೇಲೇರುತ್ತದೋ ಟ್ಯೂನೂ ಹಾಗೇ ಮೇಲೇರುತ್ತದೆ. ಮಾತಿಗೆ ಇರುವ ಏರಿಳಿತವನ್ನೇ ಅವರು ರಾಗ ಮಾಡಿದರು. ಅದಕ್ಕೇ ಸಂಗೀತ ಬಾರದವರಿಗೂ ಈ ಹಾಡು ಬಾಯಿಗೆ ಬರುತ್ತದೆ. ಸುತ್ತ ಕೇಳುವುದು ಆ ಕಾಲದ ಎಲೆಕ್ಟ್ರಾನಿಕ್ ವಾದ್ಯ, ಆದರೆ ಹಾಡು ಕೂತಿರುವುದು ಊರ ಬಯಲಿನಲ್ಲಿ. ಅಮೆರಿಕದಿಂದ ಬಂದದ್ದು ಬೈಕ್. ಅದರ ಮೇಲೆ ಕೂತದ್ದು ಬಯಲಾಟ.

ಇನ್ನು ತಾರೆಯರು. ರವಿಚಂದ್ರನ್‌ಗೆ ಆಗ ಸುಮಾರು 26 ವರ್ಷ. 1972ರಲ್ಲಿ ‘ನಾಗರಹಾವು’ ತೆಗೆದ ನಿರ್ಮಾಪಕ ವೀರಾಸ್ವಾಮಿಯವರ ಮಗ. ‘ಖದೀಮ ಕಳ್ಳರು’ ಚಿತ್ರದಲ್ಲಿ ಕೆಟ್ಟವನಾಗಿ ಬಂದು, ‘ನಾನು ನನ್ನ ಹೆಂಡ್ತಿ’ಯಲ್ಲಿ ಜನಕ್ಕೆ ಹತ್ತಿರವಾಗಿದ್ದರು. ನಿರ್ದೇಶನಕ್ಕೆ ಇದೇ ಮೊದಲು. ರಾಜಕುಮಾರ್ ತೆರೆಯ ಮೇಲೆ ಪ್ರೀತಿಸಿದರೆ ಮನೆಯ ಹಿರಿಯರಿಗೂ ಒಪ್ಪಿಗೆಯಾಗುವ ಪ್ರೀತಿ. ವಿಷ್ಣುವರ್ಧನ್ ಕೋಪ ಮಾಡಿಕೊಂಡರೂ ಚೆಂದ. ಅಂಬರೀಶ್ ಗದರಿದರೂ ಚೆಂದ. ಇವರ ನಡುವೆ ಬಂದ ಈ ಗುಂಗುರು ಕೂದಲಿನ ಹುಡುಗನಿಗೆ ಹೊಡೆದಾಟದ ಮೈಯೂ ಇರಲಿಲ್ಲ, ಗಂಭೀರ ಕಂಠವೂ ಇರಲಿಲ್ಲ. ಅವನ ಬಂಡವಾಳ ಪೆದ್ದುತನ. ಹುಡುಗಿಯ ಮುಂದೆ ಮಾತು ತಡವರಿಸುವ, ಅವಳಿಗೆ ಬೇಕಾದವನಾಗಲು ಬೈಕ್ ಕಲಿಯಲು ಹೊರಡುವ ಪೆದ್ದುತನ. ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತ ಸಾವಿರಾರು ಹುಡುಗರು ಅವನಲ್ಲಿ ತಮ್ಮನ್ನು ಕಂಡಿದ್ದರೆ ಆಶ್ಚರ್ಯ ಇಲ್ಲ. ವಿಷ್ಣು, ಅಂಬರೀಶ್ ಇಬ್ಬರೂ ಈ ಚಿತ್ರದಲ್ಲಿ ಚಿಕ್ಕ ಪಾತ್ರಗಳಲ್ಲಿ ಬಂದು ಹೋಗುತ್ತಾರೆ. ಅಣ್ಣಂದಿರು ತಮ್ಮನ ಅಂಗಡಿ ಪೂಜೆಗೆ ಬಂದ ಹಾಗೆ.

ಜೂಹಿ ಚಾವ್ಲಾ 1984ರ ಮಿಸ್ ಇಂಡಿಯಾ. ಹಿಂದಿಯಲ್ಲಿ ಅವರನ್ನು ಮನೆಮಾತು ಮಾಡಿದ ‘ಕಯಾಮತ್ ಸೆ ಕಯಾಮತ್ ತಕ್’ ಬಂದದ್ದು 1988ರಲ್ಲಿ. ಅಂದರೆ ಅವರ ನಗುವಿಗೆ ಮೊದಲು ಮರುಳಾದವರು ನಾವೇ ಎಂದು ಕನ್ನಡಿಗರು ಬೀಗಬಹುದು, ಬೀಗುತ್ತಲೂ ಇರುತ್ತೇವೆ. ಕನ್ನಡ ಬಾರದ ಹುಡುಗಿ ಕನ್ನಡದ ಅತಿ ಮಾತುಗಾತಿ ನಾಯಕಿಯಾದದ್ದು ಹೇಗೆ? ಅರ್ಧ ಪುಣ್ಯ ಅವಳ ಹಾಡುಗಳಿಗೆ ದನಿಯಾದ ಎಸ್. ಜಾನಕಿಯವರದು. ಇನ್ನರ್ಧ ಜೂಹಿಯ ಮುಖದ್ದು. ಸವಾಲು ಜವಾಬಿನ ಹಾಡಿನಲ್ಲಿ ಹಾಡುವವರಿಗಿಂತ ಕೇಳಿಸಿಕೊಳ್ಳುವವರ ಮುಖ ಮುಖ್ಯ. ಅವನು ಹಾಡುತ್ತಿರುವಾಗ ಅವಳ ಹುಬ್ಬು ಮೇಲೇರುತ್ತದೆ, ತುಟಿ ನಗು ತಡೆಯುತ್ತದೆ, ಉತ್ತರ ಆಗಲೇ ಕಣ್ಣಿಗೆ ಬಂದು ನಿಂತಿರುತ್ತದೆ. ಹಾಡಿನ ದನಿ ಬರುವಷ್ಟರಲ್ಲಿ ನಮಗೆ ಉತ್ತರ ಗೊತ್ತಾಗಿರುತ್ತದೆ. ಇದು ಅಭಿನಯದ ಪಾಠ ಕಲಿತು ಬರುವುದಲ್ಲ, ಕೆಲವರಿಗೆ ಇರುತ್ತದೆ.

ಬೇರೆ ಲೆಕ್ಕದಲ್ಲಿ ನೋಡಿದರೆ ಇನ್ನೂ ಮಜಾ. ಹಾಡಿದವರಲ್ಲಿ ಬಾಲಸುಬ್ರಹ್ಮಣ್ಯಂ, ಜಾನಕಿ ಇಬ್ಬರದೂ ಮನೆಮಾತು ತೆಲುಗು. ಯೇಸುದಾಸ್ ಮಲಯಾಳಿ. ಜೂಹಿ ಮುಂಬೈಯಿಂದ ಬಂದವರು. ಕಥೆ ಅಮೆರಿಕದ್ದು. ಇಷ್ಟೆಲ್ಲ ಹೊರಗಿನ ಸಾಮಾನು ಹಾಕಿ ಕಲಸಿದರೂ ಬಂದದ್ದು ಹುಳಿಯನ್ನ ಕಲಸಿದಂಥ ಅಪ್ಪಟ ಕನ್ನಡದ ರುಚಿ.

ಕ್ಯಾಸೆಟ್ ಮಾತು ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ. ಲಹರಿ ಸಂಸ್ಥೆಯನ್ನು ದೊಡ್ಡದು ಮಾಡಿದ ಕ್ಯಾಸೆಟ್ ಇದು. ಅದೇ ಹೊತ್ತಿಗೆ ಟೇಪ್ ರೆಕಾರ್ಡರ್ ಸಾಮಾನ್ಯರ ಮನೆಗೂ ಬಂದಿತ್ತು. ರೇಡಿಯೊದಲ್ಲಿ ಅವರು ಹಾಕಿದ್ದನ್ನು ನಾವು ಕೇಳಬೇಕಿತ್ತು. ಟೇಪಿನಲ್ಲಿ ನಮಗೆ ಬೇಕಾದದ್ದನ್ನು ಬೇಕಾದಷ್ಟು ಸಲ ಕೇಳಬಹುದು. ಆದರೆ ಅದು ಹಾಲ್‌ನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಅಡುಗೆಮನೆಯಿಂದ ಅಮ್ಮ, ಜಗಲಿಯಿಂದ ತಾತ, ಬಾಗಿಲ ಸಂದಿಯಿಂದ ಎದುರು ಮನೆಯ ಹುಡುಗಿ. ಒಂದೇ ಹಾಡನ್ನು ಎಲ್ಲರೂ ಒಟ್ಟಿಗೆ ಕೇಳಿ ಕಂಠಪಾಠ ಮಾಡಿದರು. ನಮ್ಮ ಚಿಕ್ಕಮ್ಮನಿಗೆ ಹೆಣ್ಣಿನ ಸಾಲು ಬಾಯಿಗೆ ಬಂದದ್ದು ಹೀಗೇ.

ಈಗ ಇದಕ್ಕೆ ಎದುರಾಗಿ ಇನ್ನೊಂದು ಹಾಡು ಇಟ್ಟು ನೋಡಿ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂತು. ಕನ್ನಡ ಪ್ರೇಮಚಿತ್ರದ ಮುಂದಿನ ದೊಡ್ಡ ತಿರುವು ಅದೇ, ಅದರಲ್ಲಿ ಅನುಮಾನ ಇಲ್ಲ. ಜಯಂತ ಕಾಯ್ಕಿಣಿಯವರ ‘ಅನಿಸುತಿದೆ ಯಾಕೋ ಇಂದು’ ಊರೂರು ತುಂಬಿತು. ಎಷ್ಟು ನವಿರಾದ ಹಾಡು! ಆದರೆ ಮೊದಲ ಪದ ನೋಡಿ: ‘ಅನಿಸುತಿದೆ’. ಯಾರಿಗೆ? ತನಗೆ. ಹುಡುಗ ತನ್ನೊಳಗೆ ತಾನು ಹೇಳಿಕೊಳ್ಳುತ್ತಿದ್ದಾನೆ. ಅವಳು ಉತ್ತರ ಕೊಡಬೇಕಾಗಿಲ್ಲ, ಕೊಡುವುದೂ ಇಲ್ಲ. ಭಾವಗೀತೆ ಸಿನಿಮಾದೊಳಗೆ ಬಂದು ಕೂತಿತು, ಅದರ ಹಿಂದೆಯೇ ಇಯರ್‌ಫೋನೂ ಬಂತು. ಅಲ್ಲಿಂದ ಈಚೆಗೆ ಕನ್ನಡದ ಬಹುತೇಕ ಪ್ರೇಮಗೀತೆಗಳು ಒಬ್ಬರೇ ಮಳೆಯಲ್ಲಿ ನೆನೆಯುತ್ತಾ ಹಾಡಿಕೊಳ್ಳುವ ಹಾಡುಗಳು. ಕೆಲವು ಬಹಳ ಚೆನ್ನಾಗಿಯೇ ಇವೆ. ಆದರೆ ಮದುವೆಮನೆಯಲ್ಲಿ ಅವನ್ನು ಎತ್ತಿಕೊಂಡರೆ ಉಳಿದವರಿಗೆ ಮಾಡಲು ಕೆಲಸವೇ ಇರುವುದಿಲ್ಲ.

‘ಪ್ರೇಮಲೋಕ’ ಮತ್ತೆ ಮತ್ತೆ ಮರಳುವುದಕ್ಕೆ ನನಗೆ ಕಾಣುವ ಕಾರಣ ಇದು. ಟಿವಿಯ ‘ಸರಿಗಮಪ’ದಲ್ಲಿ ಹಂಸಲೇಖ ಮಹಾಗುರುವಾಗಿ ಕೂತಾಗ ಮಕ್ಕಳು ಈ ಹಾಡುಗಳನ್ನು ಆರಿಸಿಕೊಳ್ಳುವುದು ಗುರುವನ್ನು ಖುಷಿಪಡಿಸಲು ಮಾತ್ರ ಇರಲಾರದು. ಇಬ್ಬರು ನಿಂತರೆ ಅಲ್ಲೊಂದು ದೃಶ್ಯ ತಾನಾಗಿ ಹುಟ್ಟುತ್ತದೆ. ರೀಲ್ಸ್ ಮಾಡುವವರಿಗೂ ಬೇಕಾದದ್ದು ಅದೇ ತಾನೆ?

ಹಾಗಂತ ಚಿತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಹೊಸದಾಗಿ ಕಾಲೇಜಿಗೆ ಬಂದ ಹುಡುಗಿಯನ್ನು ನಿಂಬೆ ಹಣ್ಣಿಗೆ ಹೋಲಿಸಿ ಗುಂಪಾಗಿ ಹಾಡುವುದನ್ನು ಇವತ್ತು ನೋಡಿದರೆ ಮುಜುಗರವಾಗುತ್ತದೆ. ಆಗಲೇಬೇಕು. ಅದೇ ಸಾಲನ್ನು ಎಷ್ಟು ಕಾಲೇಜುಗಳ ಗೇಟಿನಲ್ಲಿ ಎಷ್ಟು ಹುಡುಗಿಯರು ಬೇಡವಾಗಿ ಕೇಳಿಸಿಕೊಂಡಿದ್ದಾರೋ. ನನ್ನ ಅಕ್ಕನೇ ಆ ಹಾಡು ಬಂದರೆ ಇವತ್ತಿಗೂ ಚಾನೆಲ್ ಬದಲಿಸುತ್ತಾಳೆ, ‘ಚೆಲುವೆ ಒಂದು ಕೇಳ್ತೀನಿ’ಗೆ ಮಾತ್ರ ದನಿ ಸೇರಿಸುತ್ತಾಳೆ. ಅವಳ ವಿಂಗಡಣೆ ನನಗೆ ಸರಿ ಕಾಣುತ್ತದೆ. ಒಂದರಲ್ಲಿ ಹುಡುಗಿಗೆ ತಿರುಗಿ ಹೇಳುವ ಸಾಲು ಇದೆ, ಇನ್ನೊಂದರಲ್ಲಿ ಗುಂಪಿನ ದನಿಯೇ ಜೋರು. ಮುಂದಿನ ವರ್ಷಗಳಲ್ಲಿ ರವಿಚಂದ್ರನ್ ಚಿತ್ರಗಳಲ್ಲಿ ನಾಯಕಿಯ ಮೇಲೆ ಹಣ್ಣು ಹೂವು ಸುರಿಯುವುದು ಜಾಸ್ತಿಯಾಯಿತು. ಅವಳ ಬಾಯಿಗೆ ಮಾತು ಕೊಡುವುದು ಕಡಿಮೆಯಾಯಿತು. ಸೆಟ್ ದೊಡ್ಡದಾಯಿತು, ಸಂವಾದ ಸಣ್ಣದಾಯಿತು. 1991ರ ‘ಶಾಂತಿ ಕ್ರಾಂತಿ’ಯಲ್ಲಿ ನಾಲ್ಕು ಭಾಷೆ, ರಜನಿಕಾಂತ್, ನಾಗಾರ್ಜುನ ಎಲ್ಲರೂ ಇದ್ದರು. ಕೈ ಸುಟ್ಟುಕೊಂಡರು. ಕನಸುಗಾರ ಎಂಬ ಬಿರುದು ಅವರಿಗೆ ಅಂಟಿದ್ದು ಗೆದ್ದ ಚಿತ್ರಗಳಷ್ಟೇ ಸೋತ ಚಿತ್ರಗಳಿಂದಲೂ.

ಇನ್ನೊಂದು ಪ್ರಾಮಾಣಿಕ ಮಾತು. ನಾಗೇಶಿ ಪದದಲ್ಲಿ ಹೆಣ್ಣಿನ ಪಕ್ಷ ಯಾವ ರಾತ್ರಿ ಬೇಕಾದರೂ ಗೆಲ್ಲಬಹುದು. ಸಿನಿಮಾದಲ್ಲಿ ಗೆಲ್ಲುವವರು ಯಾರೆಂದು ಪೋಸ್ಟರಿನಲ್ಲೇ ಬರೆದಿರುತ್ತದೆ. ಚಿತ್ರದ ನಾಯಕಿ ಶಶಿ ಎಷ್ಟು ಚುರುಕಾಗಿ ಉತ್ತರ ಕೊಟ್ಟರೂ ಅವಳ ಉತ್ತರ ಬರೆದವನೂ ಗಂಡಸೇ. ಆದರೂ ಆ ಚಿತ್ರದಲ್ಲಿ ಷರತ್ತು ಹಾಕಿದವಳು ಅವಳು. ಇಂಥವನು ಬೇಕು ಎಂದು ಮೊದಲು ಹೇಳಿದವಳು ಅವಳು, ಹಾಗಾಗಲು ಒದ್ದಾಡಿದವನು ಅವನು. ಆ ಕಾಲದ ನಾಯಕಿಯರ ಪಟ್ಟಿಯಲ್ಲಿ ಇದು ಸಣ್ಣ ಸಂಗತಿ ಅಲ್ಲ.

ತಿಪಟೂರಿಗೆ ಮರಳುತ್ತೇನೆ. ಹಾಡು ಮುಗಿದ ಮೇಲೆ ‘ಒನ್ಸ್ ಮೋರ್’ ಕೂಗು ಎದ್ದಿತು. ಗಾಯಕ ಮೈಕನ್ನು ಗಂಡು ಹೆಣ್ಣಿನ ಕಡೆ ಚಾಚಿದ. ಮದುಮಗ ಹಿಂದೆ ಸರಿದ. ಮದುಮಗಳು ಸೆರಗು ಸರಿಮಾಡಿಕೊಂಡು ಮೈಕ್ ಕಿತ್ತುಕೊಂಡಳು, ಗಂಡಿನ ಸಾಲನ್ನೇ ಎತ್ತಿಕೊಂಡಳು. ‘ಚೆಲುವೆ’ ಎಂದು ಅವನನ್ನು ಕರೆದಾಗ ಛತ್ರ ಬಿದ್ದು ಬಿದ್ದು ನಕ್ಕಿತು. ಅವಳು ಕೇಳಬೇಕಾದದ್ದನ್ನು ಕೇಳಿ ಮೈಕನ್ನು ಅವನ ಬಾಯಿಗೆ ಹಿಡಿದಳು. ಅವನು ಪಂಚೆಯ ಮೇಲೆ ಕಟ್ಟಿದ್ದ ಶಲ್ಯದ ಗಂಟಿನಿಂದ ಫೋನ್ ತೆಗೆದು ಹೆಣ್ಣಿನ ಸಾಲು ಹುಡುಕತೊಡಗಿದ. ಕ್ಯೂನಿಂದ ಚಿಕ್ಕಮ್ಮ ಕೂಗಿದರು: ‘ಅದೆಲ್ಲಾ ಬೇಡ ಕಣಪ್ಪಾ, ನಿಂಗೆ ಏನನ್ಸುತ್ತೋ ಅದ್ನೇ ಹಾಡು!’